ರಂಗದ ಮೇಲಿನ ಕಣ್ಣೀರು



ವಾರ್ಷಿಕ ಸ್ನೇಹಸಮ್ಮೇಲನದ ದಿನಗಳು ಸಮೀಪಿಸಿದವೆಂದರೆ ನಮ್ಮ ಶಾಲೆಯಲ್ಲಿ ಸಂಜೆಯ ಹೊತ್ತು ನಾಟಕದ ತಾಲೀಮು ಆರಂಭವಾಗುವುದು ವಾಡಿಕೆ. ವರ್ಗದ ಬೆಂಚುಗಳನ್ನು ಗೋಡೆಗೆ ಸರಿಸುವುದು, ಸೀಮೆಸುಣ್ಣದಿಂದ ನೆಲದ ಮೇಲೆ ರಂಗದ ಅಂಚನ್ನು ಗುರುತಿಸುವುದು, ಹಸ್ತಪ್ರತಿಯನ್ನು ಹಿಡಿದು ಒಬ್ಬರು ಮೂಲೆಯಲ್ಲಿ ನಿಲ್ಲುವುದು, ಇವೆಲ್ಲ ನಿಮಗೆ ಪರಿಚಿತವಾದ ದೃಶ್ಯಗಳೇ. ಈ ಸಲದ ತಾಲೀಮಿನಲ್ಲಿ ನಡೆದ ಒಂದು ಚಿಕ್ಕ ಪ್ರಸಂಗವೇ ಈ ಲೇಖನಕ್ಕೆ ಕಾರಣವಾಯಿತು. ಅದರಲ್ಲಿ ತಪ್ಪು ನಮ್ಮದಾದುದರಿಂದ ಅದನ್ನು ಮುಚ್ಚಿಡದೆ ಹೇಳುವುದೇ ಉಚಿತವೆಂದು ಭಾವಿಸುತ್ತೇವೆ.

ಆರಿಸಿಕೊಂಡದ್ದು ಒಂದು ಸಣ್ಣ ಐತಿಹಾಸಿಕ ನಾಟಕ. ಯುದ್ಧಕ್ಕೆ ಹೋದ ಮಗನು ಮಡಿದನೆಂಬ ವಾರ್ತೆಯನ್ನು ತಾಯಿಯು ದೂತನ ಬಾಯಿಂದ ಕೇಳುವ ಸನ್ನಿವೇಶ ಅದರಲ್ಲಿದೆ. ತಾಯಿಯ ಪಾತ್ರವನ್ನು ವಹಿಸಿದ ಒಂಬತ್ತನೆಯ ಇಯತ್ತೆಯ ಹುಡುಗಿ ತನ್ನ ಮಾತುಗಳನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸುತ್ತಿದ್ದಳು. ಆದರೆ ಕಣ್ಣಿನಲ್ಲಿ ನೀರು ಬರುತ್ತಿರಲಿಲ್ಲ. ತಾಲೀಮಿನ ಹೊಣೆ ಹೊತ್ತ ನಮಗೆ ಅದೊಂದು ಕೊರತೆಯಾಗಿ ಕಂಡಿತು. ಆಗ ನಮಗೆ ತಿಳಿದ ಸುಲಭೋಪಾಯವೊಂದನ್ನು ಸೂಚಿಸಿದೆವು: ಹಿಂದಿನ ವರ್ಷ ತೀರಿಕೊಂಡ ನಿನ್ನ ಅಜ್ಜಿಯನ್ನು ನೆನೆದುಕೊಂಡು ಆ ಮಾತನ್ನು ಆಡಿ ನೋಡು ಎಂದೆವು.

ಅವಳು ನೆನೆದಳು, ಅತ್ತಳು. ಆದರೆ ಅತ್ತವಳು ನಾಟಕದ ತಾಯಿಯಲ್ಲ, ಅಜ್ಜಿಯನ್ನು ಕಳೆದುಕೊಂಡ ಮೊಮ್ಮಗಳು. ಆಡಬೇಕಾದ ಮಾತು ಗಂಟಲಿನಲ್ಲಿಯೇ ಉಳಿಯಿತು. ಎದುರಿಗೆ ನಿಂತ ದೂತನ ಪಾತ್ರದ ಹುಡುಗನು ಏನು ಮಾಡಬೇಕೆಂದು ತಿಳಿಯದೆ ನಮ್ಮ ಮುಖವನ್ನು ನೋಡಿದನು. “ಮಾತೇ ಹೊರಡೋದಿಲ್ಲ, ಸರ್” ಎಂದು ಹೇಳಿ ಅವಳು ಬೆಂಚಿನ ಮೇಲೆ ಕುಳಿತುಬಿಟ್ಟಳು. ಅಂದಿನ ತಾಲೀಮನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳುಹಿಸಬೇಕಾಯಿತು. ಕಣ್ಣೀರನ್ನು ಕೇಳಿದ್ದೆವು, ಕಣ್ಣೀರು ದೊರೆಯಿತು. ನಾಟಕ ಮಾತ್ರ ಕೈತಪ್ಪಿತು.

ನಟನು ನಿಜವಾಗಿ ಅಳಬೇಕೇ? ರಂಗದ ಮೇಲೆ ಅವನು ಅನುಭವಿಸಬೇಕೇ ಅಥವಾ ಅನುಭವಿಸಿದಂತೆ ತೋರಿಸಿದರೆ ಸಾಕೇ? ಈ ಪ್ರಶ್ನೆ ನಮ್ಮ ವರ್ಗದ ಕೋಣೆಯಲ್ಲಿ ಹುಟ್ಟಿದುದಲ್ಲ. ಕಳೆದ ಎರಡೂವರೆ ಶತಮಾನಗಳಲ್ಲಿ ಯುರೋಪಿನ ರಂಗಭೂಮಿಯ ಮೇಧಾವಿಗಳು ಇದರ ಸುತ್ತ ವಾದಿಸಿದ್ದಾರೆ, ಪ್ರಯೋಗಗಳನ್ನು ಮಾಡಿದ್ದಾರೆ, ತಮ್ಮ ಉತ್ತರಗಳನ್ನು ತಾವೇ ತಿದ್ದಿಕೊಂಡಿದ್ದಾರೆ. ಆಧುನಿಕ ಅಭಿನಯ ಸಿದ್ಧಾಂತಗಳೆಂದು ಕರೆಯಲ್ಪಡುವುವು ಬಹುಮಟ್ಟಿಗೆ ಈ ಒಂದೇ ಪ್ರಶ್ನೆಗೆ ದೊರೆತ ಬೇರೆ ಬೇರೆ ಉತ್ತರಗಳು. ಅವುಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿ, ಅದರಿಂದ ಶಾಲೆಯ ರಂಗಕ್ಕೆ ಯಾವ ಪಾಠ ದೊರೆಯುತ್ತದೆಂಬ ನಮ್ಮ ಅಭಿಪ್ರಾಯವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನಿಷ್ಠುರವಾಗಿ ಮಾತನಾಡಿದವನು ಫ್ರಾನ್ಸಿನ ದಿದೆರೊ. ವಿಶ್ವಕೋಶದ ಸಂಪಾದಕನೆಂದು ಲೋಕಪ್ರಸಿದ್ಧನಾದ ಈತನು 1770ರ ದಶಕದಲ್ಲಿ ನಟನನ್ನು ಕುರಿತು ಸಂಭಾಷಣೆಯ ರೂಪದಲ್ಲಿ ಒಂದು ಗ್ರಂಥವನ್ನು ಬರೆದನು. ಅದು ಅಚ್ಚಾದುದು ಅವನು ಗತಿಸಿ ಬಹುಕಾಲವಾದ ಮೇಲೆ, 1830ರಲ್ಲಿ. ಅವನ ವಾದ ಹೀಗಿದೆ: ನಟನು ಪ್ರತಿದಿನವೂ ತನ್ನ ಹೃದಯವನ್ನೇ ನೆಚ್ಚಿಕೊಂಡರೆ ಮೊದಲ ದಿನ ಬೆಂಕಿಯಂತೆ ಉರಿದು ಕೆಲವೇ ದಿನಗಳಲ್ಲಿ ಆರಿಹೋಗುತ್ತಾನೆ. ಶ್ರೇಷ್ಠ ನಟನು ಲೋಕವನ್ನು ನೋಡಿ, ಕಲಿತು, ಮನಸ್ಸಿನಲ್ಲಿ ಒಂದು ಮಾದರಿಯನ್ನು ಕಟ್ಟಿಕೊಂಡು, ಪ್ರತಿದಿನವೂ ಅದನ್ನು ತಲೆ ತಣ್ಣಗಿಟ್ಟುಕೊಂಡು ಮೂಡಿಸುತ್ತಾನೆ. ಅಳುವ ಕೆಲಸ ಪ್ರೇಕ್ಷಕನದು. ಇದಕ್ಕೆ ಅವನು ಆಂಗ್ಲ ನಟ ಗ್ಯಾರಿಕ್‌ನ ನಿದರ್ಶನವನ್ನು ಕೊಡುತ್ತಾನೆ. ಗ್ಯಾರಿಕ್ ಎರಡು ಕದಗಳ ನಡುವಿನಿಂದ ತಲೆಯನ್ನು ಮಾತ್ರ ಹೊರಹಾಕಿ, ಕೆಲವೇ ಕ್ಷಣಗಳಲ್ಲಿ ಮುಖವನ್ನು ಮಹದಾನಂದದಿಂದ ಮೆಟ್ಟಿಲು ಮೆಟ್ಟಿಲಾಗಿ ಹತಾಶೆಗೆ ಇಳಿಸಿ, ಮತ್ತೆ ಮೇಲಕ್ಕೆ ಏರಿಸಬಲ್ಲವನಾಗಿದ್ದನಂತೆ. ಅಷ್ಟು ಅಲ್ಪಕಾಲದಲ್ಲಿ ಅಷ್ಟು ಭಾವಗಳನ್ನು ಯಾರ ಹೃದಯವೂ ನಿಜವಾಗಿ ಅನುಭವಿಸಲಾರದೆಂಬುದು ದಿದೆರೊನ ತಾತ್ಪರ್ಯ.

ಈ ಮಾತನ್ನು ಎಲ್ಲ ನಟರೂ ಒಪ್ಪಲಿಲ್ಲ. ಮುಂದೆ ಲಂಡನ್ನಿನ ವಿಮರ್ಶಕ ವಿಲಿಯಂ ಆರ್ಚರ್ ಒಂದು ಒಳ್ಳೆಯ ಕೆಲಸ ಮಾಡಿದನು. ವಾದವನ್ನು ಬದಿಗಿಟ್ಟು ನಟರನ್ನೇ ಪ್ರಶ್ನಿಸಿದನು. ಅವರಿಂದ ಬಂದ ಉತ್ತರಗಳನ್ನು ಒಟ್ಟುಗೂಡಿಸಿ 1888ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ರಂಗದ ಮೇಲೆ ತಮಗೆ ನಿಜವಾಗಿ ಕಣ್ಣೀರು ಬರುವುದುಂಟೆಂದು ಹಲವರು ಒಪ್ಪಿಕೊಂಡಿದ್ದರು. ಅದೇ ಹೊತ್ತಿನಲ್ಲಿ ಮನಸ್ಸಿನ ಇನ್ನೊಂದು ಭಾಗ ಎಚ್ಚರವಾಗಿದ್ದು ದೀಪ, ಪರದೆ, ಎದುರಾಳಿಯ ಮಾತು ಇವನ್ನೆಲ್ಲ ಗಮನಿಸುತ್ತಿರುತ್ತದೆಂಬುದೂ ಅದರಿಂದ ತಿಳಿದುಬಂತು. ಸೈಕಲ್ಲನ್ನು ನಡೆಸುತ್ತ ಗೆಳೆಯನೊಡನೆ ಹರಟುವವನ ಮನಸ್ಸು ಹೇಗೆ ಎರಡು ಕೆಲಸಗಳನ್ನು ಮಾಡುತ್ತದೆಯೋ ಹಾಗೆಯೇ ಇದೂ. ನಮ್ಮ ಹುಡುಗಿಯ ವಿಷಯದಲ್ಲಿ ಕೆಟ್ಟುದು ಇದೇ: ಎಚ್ಚರವಾಗಿರಬೇಕಾದ ಆ ಇನ್ನೊಂದು ಭಾಗವನ್ನೂ ನಾವು ದುಃಖದಲ್ಲಿ ಮುಳುಗಿಸಿದ್ದೆವು.

ಇಷ್ಟರಲ್ಲಿ ರಂಗಭೂಮಿಯೇ ಬದಲಾಗತೊಡಗಿತ್ತು. 1881ರಲ್ಲಿ ಲಂಡನ್ನಿನ ಸೆವಾಯ್ ನಾಟಕಗೃಹಕ್ಕೆ ವಿದ್ಯುದ್ದೀಪಗಳು ಬಂದವು. ಬೆಳಕು ಸ್ವಚ್ಛವಾದಂತೆ ನಟನ ಸಣ್ಣ ಚಲನೆಯೂ ಕಾಣತೊಡಗಿತು. ಕೈ ಬೀಸಿ ಕೂಗಿ ಆಡುವ ಹಳೆಯ ರೀತಿ ಕೃತಕವಾಗಿ ತೋರಿತು. ಇಬ್ಸನ್, ಚೆಕಾಫ್ ಮೊದಲಾದವರ ನಾಟಕಗಳಲ್ಲಿ ಜನರು ಮನೆಯ ಮಾತನ್ನೇ ಆಡುತ್ತಿದ್ದರು, ಹೇಳಬೇಕಾದುದನ್ನು ಹೇಳದೆಯೂ ಬಿಡುತ್ತಿದ್ದರು. ಜರ್ಮನಿಯ ಮೈನಿಂಗನ್ ಎಂಬ ಚಿಕ್ಕ ಸಂಸ್ಥಾನದ ಅರಸ ಎರಡನೆಯ ಗೆಯೋರ್ಗ್ ತನ್ನ ಮಂಡಳಿಯೊಡನೆ ಇನ್ನೊಂದು ಹೊಸ ಪದ್ಧತಿಯನ್ನು ತಂದನು. ರಂಗದ ಮೇಲಿನ ಜನಸಂದಣಿಯನ್ನು ಅವನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು, ಪ್ರತಿಯೊಂದಕ್ಕೂ ನುರಿತ ನಟನೊಬ್ಬನನ್ನು ಮುಖಂಡನನ್ನಾಗಿ ಇಟ್ಟನು. ಇಂದು ನಾಯಕನಾದವನು ನಾಳೆ ಗುಂಪಿನಲ್ಲಿ ನಿಲ್ಲಬೇಕೆಂಬುದು ಅಲ್ಲಿಯ ನಿಯಮವಾಗಿತ್ತು. 1874ರಿಂದ 1890ರವರೆಗೆ ಈ ಮಂಡಳಿ ಯುರೋಪನ್ನೆಲ್ಲ ಸಂಚರಿಸಿತು. ಮಾಸ್ಕೋದಲ್ಲಿ ಅದರ ಪ್ರಯೋಗಗಳನ್ನು ನೋಡಿದವರಲ್ಲಿ ಒಬ್ಬ ಶ್ರೀಮಂತ ವ್ಯಾಪಾರಿಯ ಮಗನಿದ್ದನು. ಅವನೇ ಮುಂದೆ ಸ್ಟಾನಿಸ್ಲಾವ್‌ಸ್ಕಿಯೆಂಬ ಹೆಸರಿನಿಂದ ಪ್ರಖ್ಯಾತನಾದನು.

1863ರಲ್ಲಿ ಜನಿಸಿದ ಸ್ಟಾನಿಸ್ಲಾವ್‌ಸ್ಕಿ 1897ರಲ್ಲಿ ನೆಮಿರೊವಿಚ್-ದಾನ್ಚೆಂಕೊ ಎಂಬ ನಾಟಕಕಾರನನ್ನು ಮಾಸ್ಕೋದ ಒಂದು ಉಪಾಹಾರಗೃಹದಲ್ಲಿ ಕಂಡನು. ಮಧ್ಯಾಹ್ನ ಆರಂಭವಾದ ಇವರ ಮಾತುಕತೆ ಮರುದಿನ ಬೆಳಗಿನವರೆಗೆ ನಡೆಯಿತು. ಅದರ ಫಲವಾಗಿ 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಸ್ಥಾಪನೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಚೆಕಾಫನ ‘ಸೀಗಲ್’ ನಾಟಕ ನಡೆಯಿತು. ಎರಡು ವರ್ಷಗಳ ಹಿಂದೆ ಪೀಟರ್ಸ್‌ಬರ್ಗಿನಲ್ಲಿ ನಗೆಗೀಡಾಗಿದ್ದ ಈ ನಾಟಕ ಇಲ್ಲಿ ವಿಜಯ ಪಡೆಯಿತು. ನಾಟಕ ಅದೇ, ಬದಲಾದುದು ನಟರ ರೀತಿ.

ಆದರೆ ಸ್ಟಾನಿಸ್ಲಾವ್‌ಸ್ಕಿಯ ನಿಜವಾದ ಹಿರಿಮೆ ಈ ವಿಜಯದಲ್ಲಿಲ್ಲ, ಅನಂತರ ಅವನನ್ನು ಕಾಡಿದ ಅಸಮಾಧಾನದಲ್ಲಿದೆ. 1906ರ ಬೇಸಗೆಯಲ್ಲಿ ಅವನು ವಿಶ್ರಾಂತಿಗೆಂದು ಫಿನ್ಲೆಂಡಿಗೆ ಹೋಗಿದ್ದನು. ಅಲ್ಲಿ ಕಡಲ ದಂಡೆಯ ಬಂಡೆಯ ಮೇಲೆ ಕುಳಿತು ತನ್ನ ಪಾತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಇಬ್ಸನನ ನಾಟಕದ ಡಾಕ್ಟರ್ ಸ್ಟಾಕ್‌ಮನ್ ಅವನಿಗೆ ಬಹಳ ಪ್ರಿಯವಾದ ಪಾತ್ರ. ಮೊದಲಲ್ಲಿ ಆ ಪಾತ್ರ ತಾನಾಗಿ ಮೈದುಂಬಿ ಬರುತ್ತಿತ್ತು. ಈಗ ಅದೇ ನಡಿಗೆ, ಅದೇ ಕೈಬೆರಳಿನ ಚಲನೆ, ಅದೇ ನಗು ಎಲ್ಲವೂ ಇದ್ದವು. ಅವುಗಳ ಹಿಂದಿನ ಜೀವ ಮಾತ್ರ ಹೋಗಿತ್ತು. ಜಗತ್ತು ಹೊಗಳುತ್ತಿದ್ದಾಗಲೇ ತಾನು ಬರಿಯ ಯಂತ್ರವಾಗಿದ್ದೇನೆಂದು ಕಂಡುಕೊಳ್ಳುವುದು ಸಾಮಾನ್ಯರಿಂದಾಗುವ ಕೆಲಸವಲ್ಲ. ಸ್ಫೂರ್ತಿ ತಾನಾಗಿ ಬರುವವರೆಗೆ ಕಾಯದೆ ಅದು ಬರಲು ನಟನು ದಾರಿಯನ್ನು ಸಿದ್ಧಪಡಿಸುವುದು ಹೇಗೆಂಬ ಶೋಧವನ್ನು ಅವನು ಅಂದಿನಿಂದ ಆರಂಭಿಸಿ, 1938ರಲ್ಲಿ ಕಣ್ಣು ಮುಚ್ಚುವವರೆಗೂ ನಡೆಸಿದನು.

ಆ ಶೋಧದ ಮೊದಲ ಘಟ್ಟದಲ್ಲಿ ಅವನು ಫ್ರೆಂಚ್ ಮನಶ್ಶಾಸ್ತ್ರಜ್ಞ ರಿಬೊನ ವಿಚಾರಗಳಿಂದ ಪ್ರಭಾವಿತನಾಗಿದ್ದನು. ನಮ್ಮ ಹಳೆಯ ಅನುಭವಗಳು ಬುದ್ಧಿಯಲ್ಲಿ ಮಾತ್ರವಲ್ಲ, ಭಾವದಲ್ಲಿಯೂ ನೆನಪಾಗಿ ಉಳಿದಿರುತ್ತವೆ. ಅವನ್ನು ಎಬ್ಬಿಸಿ ಪಾತ್ರಕ್ಕೆ ಜೀವ ತುಂಬಬಹುದು ಎಂಬುದು ಆ ವಿಚಾರ. ನಾವು ಆ ಹುಡುಗಿಗೆ ಹೇಳಿದ ಉಪಾಯ ಇದರದೇ ಒಂದು ಒರಟು ರೂಪ. ಆದರೆ ಅವನು ಇನ್ನೂ ಎರಡು ಸಾಧನಗಳನ್ನು ನಟನ ಕೈಗೆ ಕೊಟ್ಟನು. ಒಂದು, ‘ಒಂದು ವೇಳೆ’ ಎಂಬ ಪ್ರಶ್ನೆ: ಒಂದು ವೇಳೆ ನಾನೇ ಈ ಸ್ಥಿತಿಯಲ್ಲಿದ್ದರೆ ಏನು ಮಾಡುತ್ತಿದ್ದೆ? ಎರಡನೆಯದು, ಪಾತ್ರದ ಗುರಿ: ಈ ವ್ಯಕ್ತಿಗೆ ಈ ಕ್ಷಣದಲ್ಲಿ ಏನು ಬೇಕಾಗಿದೆ?

ಇದನ್ನು ನಮ್ಮ ಊರಿನ ಒಂದು ಉದಾಹರಣೆಯಿಂದ ತಿಳಿಯೋಣ. ಗಾಬರಿಗೊಂಡವನಂತೆ ಅಭಿನಯಿಸು ಎಂದು ಹುಡುಗನೊಬ್ಬನಿಗೆ ಹೇಳಿದರೆ ಅವನು ಕಣ್ಣುಗಳನ್ನು ಅಗಲಿಸುತ್ತಾನೆ, ಕೈಗಳನ್ನು ನಡುಗಿಸುತ್ತಾನೆ. ನೋಡುವವರಿಗೆ ನಗು ಬರುತ್ತದೆ. ಅದರ ಬದಲು, ನಿನ್ನ ಲೋಕಲ್ ಗಾಡಿಯ ಪಾಸು ಕಳೆದಿದೆ, ಟಿಕೆಟ್ ತಪಾಸಣೆಯವರು ಎದುರಿಗೆ ಬರುತ್ತಿದ್ದಾರೆ, ಅದನ್ನು ಹುಡುಕು ಎಂದು ಹೇಳಿ ನೋಡಿರಿ. ಅವನು ಜೇಬುಗಳನ್ನು ತಡಕುತ್ತಾನೆ. ಪಾಟೀಚೀಲವನ್ನು ಬಿಚ್ಚಿ ಪುಸ್ತಕಗಳ ಹಾಳೆಗಳನ್ನು ತಿರುವುತ್ತಾನೆ. ನೋಡಿದ ಜೇಬನ್ನೇ ಮತ್ತೊಮ್ಮೆ ನೋಡುತ್ತಾನೆ. ಗಾಬರಿಯನ್ನು ಅವನು ತೋರಿಸಲಿಲ್ಲ, ಪಾಸನ್ನು ಹುಡುಕಿದನು. ಗಾಬರಿ ತಾನಾಗಿ ಬಂತು.

ಸ್ಟಾನಿಸ್ಲಾವ್‌ಸ್ಕಿ ತನ್ನ ಕೊನೆಯ ವರ್ಷಗಳಲ್ಲಿ ಬಂದು ತಲುಪಿದ ನೆಲೆ ಇದೇ. ಭಾವವನ್ನು ಆಜ್ಞಾಪಿಸಲಾಗದು, ಕರೆದರೆ ಅದು ಓಡಿಹೋಗುತ್ತದೆ. ಕ್ರಿಯೆಯನ್ನು ಮಾತ್ರ ಯಾವಾಗ ಬೇಕಾದರೂ ಮಾಡಬಹುದು. ಒಂದು ದೃಶ್ಯವನ್ನು ಸಣ್ಣ ಸಣ್ಣ ದೈಹಿಕ ಕ್ರಿಯೆಗಳಾಗಿ ಬಿಡಿಸಿ, ಅವನ್ನು ಸತ್ಯವಾಗಿ, ಕ್ರಮವಾಗಿ ಮಾಡುತ್ತ ಹೋದರೆ ಭಾವವು ಹಿಂದಿನಿಂದ ಬರುತ್ತದೆಂದು ಅವನು ಕಲಿಸಿದನು.

ಗುರುವಿನ ಈ ತಿದ್ದುಪಡಿ ಎಲ್ಲ ಶಿಷ್ಯರಿಗೂ ತಲುಪಲಿಲ್ಲವೆಂಬುದು ಈ ಇತಿಹಾಸದ ಒಂದು ವಿಚಿತ್ರ. 1923ರಲ್ಲಿ ಮಾಸ್ಕೋದ ಮಂಡಳಿ ಅಮೆರಿಕೆಗೆ ಹೋದಾಗ ಅಲ್ಲಿಯ ತರುಣರು ಬೆರಗಾದರು. ಅದರ ಹಳೆಯ ನಟರಿಂದ ಮೊದಲ ಘಟ್ಟದ ಪಾಠವನ್ನು ಕಲಿತರು. 1931ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಗ್ರೂಪ್ ಥಿಯೇಟರಿನಲ್ಲಿ ಲೀ ಸ್ಟ್ರಾಸ್‌ಬರ್ಗ್ ಭಾವಸ್ಮರಣೆಯನ್ನೇ ಶಿಕ್ಷಣದ ಮುಖ್ಯ ಅಂಗವನ್ನಾಗಿ ಮಾಡಿದನು. ಅದೇ ಮಂಡಳಿಯ ನಟಿ ಸ್ಟೆಲ್ಲಾ ಆಡ್ಲರ್ ಇದರಿಂದ ಬಳಲಿ, 1934ರಲ್ಲಿ ಪ್ಯಾರಿಸಿನಲ್ಲಿ ಸ್ಟಾನಿಸ್ಲಾವ್‌ಸ್ಕಿಯನ್ನೇ ಕಂಡು ಕೆಲವು ವಾರ ಅವನ ಬಳಿ ಕಲಿತಳು. ನಾಟಕದ ಸಂದರ್ಭ ಮತ್ತು ಕ್ರಿಯೆ ಇವೇ ಮುಖ್ಯ, ಸ್ವಂತ ದುಃಖವನ್ನು ಕೆದಕುವುದಲ್ಲ ಎಂಬ ವಾರ್ತೆಯೊಡನೆ ಆಕೆ ಹಿಂದಿರುಗಿದಳು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಮುಂದೆ ಅವನು 1947ರಲ್ಲಿ ಸ್ಥಾಪನೆಯಾದ ಆಕ್ಟರ್ಸ್ ಸ್ಟುಡಿಯೋದ ಮುಖ್ಯಸ್ಥನಾಗಿ ತನ್ನ ಮಾರ್ಗವನ್ನೇ ಮುಂದುವರಿಸಿದನು. ಆ ಮಾರ್ಗದಿಂದ ಸಿನೆಮಾ ಪ್ರಪಂಚಕ್ಕೆ ಹಿರಿಯ ನಟರು ದೊರೆತರೆಂಬುದು ನಿಜ. ಆದರೆ ಪ್ರೌಢ ನಟನು ತನ್ನ ಗಾಯವನ್ನು ತಾನೇ ಬಿಚ್ಚಿಕೊಳ್ಳುವುದು ಬೇರೆ. ಹದಿನಾಲ್ಕು ವರ್ಷದ ವಿದ್ಯಾರ್ಥಿನಿಯ ಗಾಯವನ್ನು ಶಿಕ್ಷಕರು ಬಿಚ್ಚುವುದು ಬೇರೆ. ಮೊದಲನೆಯದು ಅವನ ಕಲೆಯ ವಿಷಯ. ಎರಡನೆಯದಕ್ಕೆ ನಮಗೆ ಯಾವ ಅಧಿಕಾರವೂ ಇಲ್ಲ.

ಇನ್ನು ಎದುರು ಪಕ್ಷದವರ ಮಾತನ್ನು ಕೇಳೋಣ. 1898ರ ‘ಸೀಗಲ್’ ಪ್ರಯೋಗದಲ್ಲಿ ತರುಣ ಲೇಖಕನ ಪಾತ್ರ ವಹಿಸಿದವನು ಮೆಯರ್‌ಹೋಲ್ಡ್. ಅವನು ಗುರುವಿನ ಮಾರ್ಗವನ್ನು ಬಿಟ್ಟು ಬೇರೆ ದಾರಿ ಹಿಡಿದನು. ಕರಡಿಯನ್ನು ಕಂಡು ಹೆದರಿದ್ದರಿಂದ ನಾವು ಓಡುವುದಿಲ್ಲ, ಓಡುವುದರಿಂದ ಹೆದರಿಕೆಯಾಗುತ್ತದೆ ಎಂಬರ್ಥದ ಅಮೆರಿಕದ ವಿಲಿಯಂ ಜೇಮ್ಸನ ವಾದ ಅವನಿಗೆ ಹಿಡಿಸಿತು. ಮನಸ್ಸಿನಿಂದ ದೇಹಕ್ಕೆ ಹೋಗುವ ಬದಲು ದೇಹದಿಂದ ಮನಸ್ಸಿಗೆ ಹೋಗೋಣ ಎಂದನು. 1920ರ ದಶಕದಲ್ಲಿ ತನ್ನ ನಟರಿಗೆ ಜಿಗಿತ, ಸಮತೋಲ, ಲಯ, ಬಾಣಪ್ರಯೋಗದ ಭಂಗಿ ಮೊದಲಾದವುಗಳನ್ನು ಕವಾಯತಿನಂತೆ ಕಲಿಸಿದನು. ಇದಕ್ಕೆ ಬಯೋಮೆಕ್ಯಾನಿಕ್ಸ್ ಎಂದು ಹೆಸರು. ಗುರು ಒಳಗಿನಿಂದ ಹೊರಟನು, ಶಿಷ್ಯ ಹೊರಗಿನಿಂದ ಹೊರಟನು. ವೃದ್ಧಾಪ್ಯದಲ್ಲಿ ಗುರುವೂ ದೈಹಿಕ ಕ್ರಿಯೆಯ ಕಡೆಗೆ ತಿರುಗಿದನೆಂಬುದನ್ನು ನೆನೆದರೆ, ಇಬ್ಬರೂ ಒಂದೇ ಬೆಟ್ಟವನ್ನು ಎರಡು ಕಡೆಗಳಿಂದ ಏರುತ್ತಿದ್ದರೆಂದು ತೋರುತ್ತದೆ.

ಮೂರನೆಯವನು ಜರ್ಮನಿಯ ಬ್ರೆಕ್ಟ್. ಇವನ ಆತಂಕವೇ ಬೇರೆ. ಪ್ರೇಕ್ಷಕನು ಪಾತ್ರದೊಡನೆ ಅತ್ತು, ಮನಸ್ಸು ಹಗುರಾಗಿ, ಮನೆಗೆ ಹೋಗಿ ನಿದ್ರಿಸಿದರೆ ಲೋಕದ ಅನ್ಯಾಯವನ್ನು ಕುರಿತು ಯೋಚಿಸುವವರಾರು? ಆದುದರಿಂದ ನಟನು ಪಾತ್ರದಲ್ಲಿ ಕರಗದೆ, ಅದರಿಂದ ಒಂದು ಹೆಜ್ಜೆ ದೂರ ನಿಂತು ಅದನ್ನು ತೋರಿಸಬೇಕು ಎಂದನು. ಇದಕ್ಕೆ ಅವನು ಕೊಟ್ಟ ದೃಷ್ಟಾಂತ ಪಟ್ಟಣದ ಮಕ್ಕಳಾದ ನಿಮಗೆ ಸುಲಭವಾಗಿ ತಿಳಿಯುವಂಥದು. ಬೀದಿಯಲ್ಲಿ ಮೋಟಾರಿನ ಅಪಘಾತವಾಗುತ್ತದೆ. ಕಂಡವನೊಬ್ಬನು ನೆರೆದ ಜನರಿಗೆ, ಚಾಲಕನು ಹೀಗೆ ಬಂದನು, ದಾರಿಹೋಕನು ಹೀಗೆ ತಿರುಗಿದನು ಎಂದು ಮಾಡಿ ತೋರಿಸುತ್ತಾನೆ. ಅವನು ಚಾಲಕನೇ ಆಗಿಬಿಡುವುದಿಲ್ಲ. ಯಾರದು ತಪ್ಪೆಂದು ಜನರು ತೀರ್ಮಾನಿಸಲು ಬೇಕಾದಷ್ಟನ್ನು ಮಾತ್ರ ತೋರಿಸುತ್ತಾನೆ.

1935ರಲ್ಲಿ ಬ್ರೆಕ್ಟ್ ಮಾಸ್ಕೋದಲ್ಲಿ ಚೀನದ ಮಹಾನಟ ಮೇಯ್ ಲಾನ್‌ಫಾಂಗನನ್ನು ಕಂಡನು. ಸ್ತ್ರೀಪಾತ್ರಗಳಿಗೆ ಹೆಸರಾದ ಈ ಪುರುಷನ ಅಭಿನಯದಲ್ಲಿ, ತಾನು ಅಭಿನಯಿಸುತ್ತಿದ್ದೇನೆಂಬುದನ್ನು ಮರೆಮಾಡದೆಯೇ ಪ್ರೇಕ್ಷಕರನ್ನು ಸೆರೆಹಿಡಿಯುವ ಕಲೆ ಅವನಿಗೆ ಗೋಚರಿಸಿತು. ನಮ್ಮ ಕರಾವಳಿಯ ಮನೆತನಗಳ ಮಕ್ಕಳಿಗೆ ಇದರಲ್ಲಿ ಅಚ್ಚರಿಯಿಲ್ಲ. ಯಕ್ಷಗಾನದಲ್ಲಿ ವೇಷಧಾರಿಯು ರಂಗಕ್ಕೆ ಬಂದು, ತಾನಾರೆಂಬುದನ್ನು ಭಾಗವತರೊಡನೆ ಮಾತನಾಡುತ್ತಲೇ ತಿಳಿಸುವುದನ್ನು ನೀವು ನೋಡಿದ್ದೀರಿ. ಸ್ತ್ರೀವೇಷದ ಕಲಾವಿದನು ಗಂಡಸೆಂಬುದು ಸಭೆಗೆಲ್ಲ ತಿಳಿದಿದ್ದೂ ದಮಯಂತಿಯ ದುಃಖ ಸಭೆಯನ್ನು ಕಲಕುವುದನ್ನು ಕಂಡಿದ್ದೀರಿ. ಯುರೋಪು ಕಷ್ಟಪಟ್ಟು ಕಂಡುಕೊಂಡ ಒಂದು ಸಂಗತಿ ನಮ್ಮ ಬಯಲಾಟಕ್ಕೆ ಹೊಸತಾಗಿರಲಿಲ್ಲ.

ನಮ್ಮ ನಾಟಕದ ತಾಯಿಗೆ ಅತ್ಯಂತ ಹತ್ತಿರವಾದ ಉದಾಹರಣೆಯೂ ಬ್ರೆಕ್ಟನಲ್ಲಿಯೇ ದೊರೆಯುತ್ತದೆ. 1949ರ ಜನವರಿಯಲ್ಲಿ, ಯುದ್ಧದಿಂದ ಹಾಳಾಗಿದ್ದ ಬರ್ಲಿನ್ನಿನಲ್ಲಿ ಅವನ ‘ಮದರ್ ಕರೇಜ್’ ನಾಟಕ ನಡೆಯಿತು. ಸೈನ್ಯದ ಹಿಂದೆ ಗಾಡಿ ಎಳೆದುಕೊಂಡು ವ್ಯಾಪಾರ ಮಾಡುವ ತಾಯಿಯ ಪಾತ್ರದಲ್ಲಿ ಹೆಲೆನ ವೈಗೆಲ್ ಇದ್ದಳು. ಮಗನನ್ನು ಕೊಂದ ಗುಂಡಿನ ಸದ್ದು ಮರೆಯಿಂದ ಕೇಳಿಸುತ್ತದೆ. ಆಕೆ ಅಳಲಿಲ್ಲ. ತಲೆಯನ್ನು ಹಿಂದಕ್ಕೆ ಚೆಲ್ಲಿ ಬಾಯಿ ತೆರೆದಳು. ಬಾಯಿಂದ ಸ್ವರ ಹೊರಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸೈನಿಕರು ಹೆಣವನ್ನು ತಂದು, ಇವನನ್ನು ಬಲ್ಲೆಯಾ ಎಂದು ಕೇಳುತ್ತಾರೆ. ಉಳಿದವರ ಪ್ರಾಣಕ್ಕಾಗಿ ತಾಯಿಯು ತಲೆಯಾಡಿಸಿ ಇಲ್ಲವೆನ್ನಬೇಕು. ಆ ಮೂಕ ಕೂಗು ಇಪ್ಪತ್ತನೆಯ ಶತಮಾನದ ರಂಗಭೂಮಿಯ ಮರೆಯಲಾರದ ಕ್ಷಣಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ಅದರಲ್ಲಿ ಒಂದು ಹನಿ ಕಣ್ಣೀರೂ ಇರಲಿಲ್ಲ.

ಹಾಗಾದರೆ ಇವರಲ್ಲಿ ಯಾರು ಸರಿ? ನಮ್ಮ ಅಭಿಪ್ರಾಯದಲ್ಲಿ ಪ್ರಶ್ನೆಯನ್ನು ಹೀಗೆ ಕೇಳುವುದೇ ಸರಿಯಲ್ಲ. ಪ್ರತಿಯೊಂದು ಸಿದ್ಧಾಂತವೂ ತನ್ನ ಕಾಲದ ರಂಗಭೂಮಿಗೆ ತಗುಲಿದ ಒಂದು ರೋಗಕ್ಕೆ ಔಷಧವಾಗಿ ಹುಟ್ಟಿತು. ಹೃದಯವನ್ನು ಕುರುಡಾಗಿ ನಂಬಿದವರಿಗೆ ದಿದೆರೊ ಬುದ್ಧಿಯನ್ನು ನೆನಪಿಸಿದನು. ಯಂತ್ರದಂತೆ ಆಡುವವರಿಗೆ ಸ್ಟಾನಿಸ್ಲಾವ್‌ಸ್ಕಿ ಜೀವವನ್ನು ನೆನಪಿಸಿದನು. ದೇಹವನ್ನು ಮರೆತವರಿಗೆ ಮೆಯರ್‌ಹೋಲ್ಡನೂ, ಲೋಕವನ್ನು ಮರೆತವರಿಗೆ ಬ್ರೆಕ್ಟನೂ ಅವನ್ನು ನೆನಪಿಸಿಕೊಟ್ಟರು. ರೋಗವನ್ನು ನೋಡದೆ ಔಷಧವನ್ನು ಕುಡಿಸಿದರೆ ಏನಾಗುತ್ತದೆಂಬುದನ್ನು ನಮ್ಮ ತಾಲೀಮಿನ ಕೋಣೆಯಲ್ಲಿ ಕಂಡೆವು.

ಸಿದ್ಧಾಂತಗಳನ್ನು ಪಂಥಗಳನ್ನಾಗಿ ಮಾಡಿಕೊಂಡು ಕಾದಾಡುವವರು ಇನ್ನೊಂದು ಸಂಗತಿಯನ್ನು ನೆನೆಯಬೇಕು. 1938ರ ಜನವರಿಯಲ್ಲಿ ಸೋವಿಯತ್ ಸರಕಾರವು ಮೆಯರ್‌ಹೋಲ್ಡನ ನಾಟಕಶಾಲೆಯನ್ನು ಮುಚ್ಚಿಸಿತು. ಅವನ ಪರಿಚಯವಿದೆಯೆಂದು ಹೇಳಿಕೊಳ್ಳಲು ಜನರು ಅಂಜುತ್ತಿದ್ದ ಆ ಕಾಲದಲ್ಲಿ, ಅವನನ್ನು ಕರೆದು ತನ್ನ ಸಂಗೀತನಾಟಕ ಮಂಡಳಿಯಲ್ಲಿ ಕೆಲಸ ಕೊಟ್ಟವನು, ಜೀವಮಾನವೆಲ್ಲ ಅವನೊಡನೆ ಭಿನ್ನಾಭಿಪ್ರಾಯ ಹೊಂದಿದ್ದ ರೋಗಗ್ರಸ್ತ ವೃದ್ಧ ಸ್ಟಾನಿಸ್ಲಾವ್‌ಸ್ಕಿಯೇ. ಅದೇ ಆಗಸ್ಟಿನಲ್ಲಿ ಗುರು ತೀರಿಕೊಂಡನು. ಮರುವರ್ಷ ಶಿಷ್ಯನನ್ನು ಬಂಧಿಸಿದರು. 1940ರ ಫೆಬ್ರುವರಿ 2ರಂದು ಗುಂಡಿಕ್ಕಿ ಕೊಂದರು. ಅವನು ನಿರಪರಾಧಿಯೆಂದು ಅದೇ ಸರಕಾರ ಒಪ್ಪಿಕೊಂಡುದು 1955ರಲ್ಲಿ. ಅಭಿನಯವನ್ನು ಕುರಿತು ಅವರಿಬ್ಬರ ಮತಗಳು ಬೇರೆಯಾಗಿದ್ದವು. ರಂಗಭೂಮಿಯ ಮೇಲಿನ ಅವರ ಶ್ರದ್ಧೆ ಒಂದೇ ಆಗಿತ್ತು.

ಈ ವಿಚಾರಗಳು ನಮ್ಮ ನಾಡಿಗೂ ಬಂದು ತಲುಪಿವೆ. 1959ರಲ್ಲಿ ದಿಲ್ಲಿಯಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆ, ಅಲ್ಲಿ ಕಲಿತು ಬಂದ ಬಿ. ವಿ. ಕಾರಂತರು, ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ 1980ರಲ್ಲಿ ತೆರೆದ ರಂಗಶಿಕ್ಷಣ ಕೇಂದ್ರ, 1989ರಲ್ಲಿ ಮೈಸೂರಿನಲ್ಲಿ ಹುಟ್ಟಿದ ರಂಗಾಯಣ, ಇವೆಲ್ಲ ಕನ್ನಡದ ನಟನನ್ನು ಶಿಕ್ಷಣ ಪಡೆದ ನಟನನ್ನಾಗಿ ಮಾಡಿದ ಹೆಜ್ಜೆಗಳು. ಆದರೆ ನಮ್ಮ ಶಾಲೆಗಳ ರಂಗ ಮಾತ್ರ ಬಹುಮಟ್ಟಿಗೆ ಹಿಂದೆಯೇ ಉಳಿದಿದೆ. ಇಲ್ಲಿ ಪಾತ್ರವೆಂದರೆ ಕಂಠಪಾಠ; ಒಳ್ಳೆಯ ಅಭಿನಯವೆಂದರೆ ದೊಡ್ಡ ದನಿ, ಇಲ್ಲವೆ ದೊಡ್ಡ ಅಳು.

ಪರನಾಡಿನಲ್ಲಿರುವ ನಮಗೆ ಇದರಿಂದ ಆಗುವ ಹಾನಿ ಹೆಚ್ಚಿನದು. ಮನೆಯಿಂದ ಹೊರಗೆ ಕಾಲಿಟ್ಟೊಡನೆ ನಿಮ್ಮ ಕಿವಿಗೆ ಬೀಳುವುದು ಮರಾಠಿ, ಹಿಂದಿ, ಇಂಗ್ಲಿಷು. ಪಾಠ್ಯಪುಸ್ತಕದ ಆಚೆಗೆ, ನಾಲ್ಕು ಜನರ ಮುಂದೆ ತಲೆಯೆತ್ತಿ ಕನ್ನಡವನ್ನಾಡಲು ನಿಮಗೆ ದೊರೆಯುವ ಸ್ಥಳ ಈ ಶಾಲೆಯ ರಂಗವೊಂದೇ. ಅಲ್ಲಿಯೂ ಅರ್ಥವರಿಯದ ಮಾತುಗಳನ್ನು ಗಿಳಿಯಂತೆ ಒಪ್ಪಿಸಿದರೆ, ಕನ್ನಡವೆಂದರೆ ಒಪ್ಪಿಸಿ ಮರೆತುಬಿಡುವ ವಸ್ತುವೆಂದು ನೀವೇ ನಂಬತೊಡಗುತ್ತೀರಿ. ಮಾತು ಒಂದು ಕ್ರಿಯೆ. ಬೇಡುವುದಕ್ಕೆ, ತಡೆಯುವುದಕ್ಕೆ, ಒಲಿಸುವುದಕ್ಕೆ, ಮುಚ್ಚಿಡುವುದಕ್ಕೆ ನಾವು ಮಾತನಾಡುತ್ತೇವೆ. ಈ ಮಾತಿನಿಂದ ನಾನು ಎದುರಿನವನಿಗೆ ಏನು ಮಾಡುತ್ತಿದ್ದೇನೆಂದು ಕೇಳಿಕೊಂಡ ವಿದ್ಯಾರ್ಥಿಗೆ ಕನ್ನಡದ ಆ ವಾಕ್ಯ ಮತ್ತೆಂದೂ ಮರೆಯದು.

ಭಾವ ಬೇಡವೇ ಎಂದು ಯಾರಾದರೂ ಕೇಳಬಹುದು. ಕಣ್ಣೀರು, ರೋಮಾಂಚ, ಸ್ವರಭಂಗ ಮೊದಲಾದ ಎಂಟನ್ನು ಸಾತ್ತ್ವಿಕ ಭಾವಗಳೆಂದು ಭರತಮುನಿಯ ನಾಟ್ಯಶಾಸ್ತ್ರವೇ ಎಣಿಸಿಲ್ಲವೇ ಎಂದೂ ಕೇಳಬಹುದು. ಹೌದು, ಆದರೆ ಆ ಶಾಸ್ತ್ರವು ಆಂಗಿಕ, ವಾಚಿಕ, ಆಹಾರ್ಯಗಳನ್ನು ಬಿಟ್ಟು ಸಾತ್ತ್ವಿಕವೊಂದನ್ನೇ ಹೇಳಲಿಲ್ಲ. ಅಂಗವನ್ನೂ ಮಾತನ್ನೂ ಹದಗೊಳಿಸಿದವನಲ್ಲಿ ಭಾವವು ಬಂದರೆ ಅದು ಬಹುಮಾನ. ಬರದಿದ್ದರೆ ಅದಕ್ಕಾಗಿ ಮಗುವಿನ ಮನಸ್ಸನ್ನು ಕಲಕಬಾರದು. ಪೋಲೆಂಡಿನ ಗ್ರೊಟೊವ್‌ಸ್ಕಿ 1968ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವಿಚಾರವನ್ನು ಮಂಡಿಸಿದ್ದಾನೆ: ಉಡುಪು, ಬಣ್ಣ, ದೀಪ, ಪರದೆ ಎಲ್ಲವನ್ನೂ ತೆಗೆದರೂ ನಾಟಕ ಉಳಿಯುತ್ತದೆ, ನಟ ಮತ್ತು ಪ್ರೇಕ್ಷಕ ಇವರಿಬ್ಬರಿದ್ದರೆ ಸಾಕು. ಸೀಮೆಸುಣ್ಣದ ಗೆರೆಯೇ ರಂಗವಾಗಿರುವ ನಮಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನಾವುದು?

ಆದುದರಿಂದ ಮುಂದಿನ ವರ್ಷದ ತಾಲೀಮಿಗೆ ನಾವು ಮೂರು ನಿಯಮಗಳನ್ನು ಸೂಚಿಸುತ್ತೇವೆ. ಮಾತುಗಳನ್ನು ಬಾಯಿಪಾಠ ಮಾಡುವ ಮೊದಲು, ಪ್ರತಿಯೊಬ್ಬನೂ ತನ್ನ ಪಾತ್ರಕ್ಕೆ ಏನು ಬೇಕಾಗಿದೆಯೆಂಬುದನ್ನು ತನ್ನ ಸ್ವಂತ ಕನ್ನಡದಲ್ಲಿ ಎರಡು ವಾಕ್ಯ ಬರೆಯಲಿ. ಮೈನಿಂಗನ್ ಮಂಡಳಿಯಂತೆ ಈ ವರ್ಷದ ರಾಜನು ಮುಂದಿನ ವರ್ಷ ದ್ವಾರಪಾಲಕನಾಗಲಿ. ಯಾರ ಮನೆಯ ದುಃಖವನ್ನೂ ತಾಲೀಮಿಗೆ ತರುವಂತೆ ಯಾರೂ ಕೇಳದಿರಲಿ, ಶಿಕ್ಷಕರೂ ಕೇಳದಿರಲಿ.

ಆ ಹುಡುಗಿಯ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಎರಡು ದಿನಗಳ ಅನಂತರ ಅವಳು ತಾನಾಗಿಯೇ ತಾಲೀಮಿಗೆ ಬಂದಳು. ನಾವು ಮೊದಲು ಅವಳ ಕ್ಷಮೆ ಕೇಳಿದೆವು. ಆಮೇಲೆ, ಅಳುವ ವಿಚಾರವನ್ನು ಬಿಡು, ದೂತನು ಬರುವಾಗ ಈ ತಾಯಿ ಏನು ಮಾಡುತ್ತಿರುತ್ತಾಳೆಂಬುದನ್ನು ಹೇಳು ಎಂದೆವು. ಸ್ವಲ್ಪ ಯೋಚಿಸಿ, ಮಗ ಇಂದು ಬರುತ್ತಾನೆಂದು ಅವನ ಊಟದ ತಟ್ಟೆಯನ್ನು ಒರೆಸುತ್ತಿರುತ್ತಾಳೆ ಎಂದಳು. ಹಾಗೆಯೇ ಆಗಲೆಂದೆವು. ದೂತನು ವಾರ್ತೆಯನ್ನು ಹೇಳಿದನು. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಒರೆಸಿದ ತಟ್ಟೆಯನ್ನೇ ಇನ್ನೊಮ್ಮೆ ಒರೆಸಿ, ಮೆಲ್ಲಗೆ ಬೋರಲು ಹಾಕಿ, ಆಮೇಲೆ ತನ್ನ ಮಾತನ್ನು ಆಡಿದಳು. ಹಸ್ತಪ್ರತಿ ಹಿಡಿದು ಮೂಲೆಯಲ್ಲಿ ನಿಂತಿದ್ದವರು ಹಾಳೆಯನ್ನು ತಿರುವುವುದನ್ನು ಮರೆತಿದ್ದರು.

ಸಮ್ಮೇಲನದ ದಿನವೂ ಅವಳು ಅಳಲಿಲ್ಲ. ನಾಟಕ ಮುಗಿದ ಮೇಲೆ ಅತಿಥಿಗಳಲ್ಲೊಬ್ಬರು, ಹುಡುಗಿ ಚೆನ್ನಾಗಿ ಮಾಡಿದಳು, ಆದರೆ ತಾಯಿ ಅಳಬೇಕಾಗಿತ್ತು ಎಂದು ನಮ್ಮೊಡನೆ ಹೇಳಿದರು. ಅವರ ಮಾತನ್ನು ಗೌರವದಿಂದ ಕೇಳಿದೆವು. ಒಪ್ಪಲು ಮಾತ್ರ ನಮ್ಮಿಂದಾಗಲಿಲ್ಲ. ಏಕೆ ಒಪ್ಪಲಿಲ್ಲವೆಂಬುದನ್ನು ಅಂದು ಸಭೆಯ ಗದ್ದಲದಲ್ಲಿ ವಿವರಿಸಲು ಸಾಧ್ಯವಾಗಲಿಲ್ಲವಾದುದರಿಂದ ಇಲ್ಲಿ ಬರೆದಿದ್ದೇವೆ.